ಕೊಕ್ಕರೆಮಡುವಿನಲ್ಲಿ ಬೇಸಿಗೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ಎರಡು ಗುಡಿಸಲು, ಒಂದು ಹೊಂಗೆಮರ, ಅಷ್ಟೇ.

ಅಲ್ಲಿದ್ದವಳು ಗುರುಮಲ್ಲವ್ವ. ಯಾರಾದರೂ ಅವಳನ್ನು ಗುರುವೇ ಎಂದು ಕರೆದರೆ ಹಿಂದೆ ತಿರುಗಿ ನೋಡುತ್ತಿದ್ದಳು, ಬೇರೆ ಯಾರೋ ಬಂದಿರಬೇಕು ಅಂತ. ಹಾಗಾಗಿ ಎಲ್ಲರೂ ಅವ್ವ ಅನ್ನುತ್ತಿದ್ದರು.

ಅವಳಿಗೆ ಒಬ್ಬನೇ ಶಿಷ್ಯ, ಮರಿದೇವ. ಬಲು ಹಠಮಾರಿ. ಮನೆ ಬಿಟ್ಟು ಬಂದಿದ್ದರೂ ಹಠ ಬಿಟ್ಟು ಬಂದಿರಲಿಲ್ಲ.

ಅವನು ಬಂದದ್ದು ಅವನ ತಾಯಿ ತೀರಿಕೊಂಡ ವರ್ಷ. ಬಂದವನೇ ಅವ್ವನ ಮುಂದೆ ಕೂತು ಕೇಳಿದ್ದ.

“ಅವ್ವ, ಹೋದೋರು ಯಾಕೆ ಹಿಂಗೆ ಎದೇಲಿ ಕೂತ್ಕೊಂಬುಡ್ತಾರೆ? ಈ ಸಂಕ್ಟ ಹೋಗೋ ದಾರಿ ಹೇಳಿ.”

“ಉಂಡ್ಯಾ?”

“ಇಲ್ಲ.”

“ಮೊದ್ಲು ಉಣ್ಣು.”

ಅವನು ಉಂಡ. ದಾರಿಯನ್ನು ಅವಳು ಹೇಳಲಿಲ್ಲ. ಅವನೂ ಅಲ್ಲಿಂದ ಏಳಲಿಲ್ಲ.

ಕೊನೆಗೆ ದಾರಿಯನ್ನು ಅವನೇ ಕಂಡುಕೊಂಡ. ತನ್ನವರು ಅನ್ನುವವರು ಇದ್ದರೆ ತಾನೆ ಈ ಸಂಕಟ? ದೀಕ್ಷೆ ತೆಗೆದುಕೊಂಡರೆ ಯಾರೂ ತನ್ನವರಲ್ಲ. ಆಮೇಲೆ ಎದೆ ಖಾಲಿ, ನೆಮ್ಮದಿ. ಹೀಗೆ ತೀರ್ಮಾನಿಸಿ, ದೀಕ್ಷೆ ಆಗುವವರೆಗೆ ಮನೆಯವರ ಮುಖ ನೋಡುವುದಿಲ್ಲ ಎಂದು ಹೊಳೆಯಲ್ಲಿ ನಿಂತು ಆಣೆ ಮಾಡಿದ.

“ಇದನ್ನ ನಾನು ಹೇಳಿದ್ನಾ?” ಎಂದಳು ಅವ್ವ.

“ಇಲ್ಲ. ನಾನೇ ಮಾಡ್ಕೊಂಡೆ.”

“ಸರಿ. ನೀನೇ ಇಟ್ಕೊ.”

ದೀಕ್ಷೆ ಯಾವಾಗ ಎಂದು ಅವನು ಪೀಡಿಸತೊಡಗಿದಾಗ ಅವ್ವ ಒಂದು ಸೋರೆಬೀಜ ತಂದು ಅಂಗೈಯಲ್ಲಿಟ್ಟಳು.

“ಹಾಕು ಇದನ್ನ. ಕಾಯಿ ಬಲೀಲಿ, ಒಣಗ್ಲಿ. ಅದ್ರಲ್ಲಿ ನಿನ್ನ ಕೈಯಾರೆ ಕಮಂಡಲ ಮಾಡ್ಕೊಂಡು ಬಾ. ಅವತ್ತೇ ದೀಕ್ಷೆ.”

ಇಷ್ಟೇನಾ ಅನ್ನಿಸಿತು ಅವನಿಗೆ. ಮೊದಲ ಬಳ್ಳಿಯನ್ನು ಮೇಕೆ ತಿಂದಿತು. ಮತ್ತೊಂದರ ಕಾಯಿ ಮಳೆಗೆ ಕೊಳೆಯಿತು. ಇನ್ನೊಂದು ಸಲ ಚೆಂದದ ಕಾಯಿ ಬಿಟ್ಟಿತ್ತು, ಅದನ್ನು ಅವ್ವ ಕಿತ್ತು ಸಾರು ಮಾಡಿಬಿಟ್ಟಳು.

“ಅವ್ವ, ಅದು ನನ್ನ ಕಮಂಡಲ!”

“ಗೊತ್ತಾಗ್ಲಿಲ್ಲ ಕಣ್ಲಾ. ಎಳೇದಿತ್ತು. ಒಸಿ ಉಪ್ಪು ಕಮ್ಮಿ, ಹಾಕ್ಕೊ.”

ಮಳೆಗಾಲದಲ್ಲಿ ಆಶ್ರಮದ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಆಗ ಧ್ಯಾನ ಚೆನ್ನಾಗಿ ಹತ್ತಬೇಕಿತ್ತು. ಹತ್ತುತ್ತಿರಲಿಲ್ಲ.

“ಏನ್ಲಾ ಒದ್ದಾಡ್ತಾ ಇದ್ದೀಯ?” ಎಂದು ಅವ್ವ ಕೇಳಿದಳು ಒಂದು ದಿನ. “ಏನಾದ್ರೂ ಸದ್ದಾ?”

“ಸದ್ದೇ ಇಲ್ಲ ಅವ್ವ.”

“ಅದಕ್ಕೇನಾ?”

ಅವನು ಮತ್ತೆ ಕಣ್ಣು ಮುಚ್ಚಿಕೊಂಡ.

ಕೊನೆಗೂ ಒಂದು ವರ್ಷ ಒಂದು ಕಾಯಿ ಉಳಿಯಿತು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿ ಗಟ್ಟಿ ಬುರುಡೆಯಾಯಿತು. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತಿತ್ತು. ಮರಿದೇವ ದಿನಕ್ಕೊಂದು ಸಲ ಅಲ್ಲಾಡಿಸುತ್ತಿದ್ದ.

“ಅವ್ವ, ಕಾಯಿ ಸಿದ್ಧ ಆಗೈತೆ.”

“ಕಾಯಿ ಆಗೈತೆ. ಬೇಸ್ಗೆ ಕಳೀಲಿ.”

“ಬೇಸ್ಗೆಗೂ ದೀಕ್ಷೆಗೂ ಏನವ್ವ ಸಂಬಂಧ?”

“ಸೆಕೆ ಕಣೋ,” ಎಂದು ಅವ್ವ ಸೆರಗಿನಿಂದ ಗಾಳಿ ಹಾಕಿಕೊಂಡಳು.

ಆಶ್ರಮದ ಕೆಳಗೆ ಹೊಳೆ ಬಂಡೆಗಳ ನಡುವೆ ಹೊರಳಿ ನಿಲ್ಲುತ್ತದೆ. ಅದೇ ಕೊಕ್ಕರೆಮಡು. ಬೇಸಿಗೆಗೆ ಉಳಿದ ಕಡೆಯೆಲ್ಲ ಹೊಳೆ ಮರಳಾದರೂ ಇಲ್ಲಿ ನೀರು ಬತ್ತುವುದಿಲ್ಲ. ಅಂಚಿನಲ್ಲಿ ಮೊಣಕಾಲುದ್ದ, ನಡುವೆ ಆಳ.

ಶಾಲೆಗೆ ರಜೆ ಬಂತೆಂದರೆ ಸುತ್ತಲ ಊರುಗಳಿಂದ ಸಂಸಾರ ಸಂಸಾರವೇ ಇಲ್ಲಿಗೆ ಬರುತ್ತದೆ. ಕೆಲವರು ಎತ್ತಿನ ಗಾಡಿಯಲ್ಲಿ, ಕೆಲವರು ಟ್ರ್ಯಾಕ್ಟರಿನಲ್ಲಿ, ಲಗೇಜು ಆಟೊದಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು. ಬೆಳಿಗ್ಗೆ ಬಂದರೆ ಬಿಸಿಲು ಇಳಿಯುವವರೆಗೆ ನೀರು ಬಿಟ್ಟು ಏಳುವುದಿಲ್ಲ. ಬೆರಳೆಲ್ಲ ಸುಕ್ಕಾಗಿ, ತುಟಿ ನೀಲಿಯಾಗಿ, ಇನ್ನೊಂದೇ ಸಲ ಅಂತ ಮತ್ತೆ ಹಾರುತ್ತಾರೆ.

ಮರಿದೇವನೂ ಹಾಗೆ ಬರುತ್ತಿದ್ದವನೇ. ಈ ಆಶ್ರಮವನ್ನು ಅವನು ಮೊದಲು ನೋಡಿದ್ದು ಚಿಕ್ಕವನಾಗಿದ್ದಾಗ, ಕುತ್ತಿಗೆಯುದ್ದ ನೀರಲ್ಲಿ ನಿಂತು. ಊರಿನಾಚೆ ಎಷ್ಟೋ ಮಠಗಳಿರುವಾಗ ಇಲ್ಲಿಗೇ ಯಾಕೆ ಬಂದೆ ಎಂದು ಅವನು ತನ್ನನ್ನು ಕೇಳಿಕೊಂಡಿರಲಿಲ್ಲ.

ಅವನ ತಾಯಿಗೆ ಈಜು ಬರುತ್ತಿರಲಿಲ್ಲ. ಸೀರೆ ಎತ್ತಿಕಟ್ಟಿ ಅಂಚಿನ ನೀರಲ್ಲೇ ನಿಂತಿರುತ್ತಿದ್ದಳು. ಹೊತ್ತು ನೆತ್ತಿಗೆ ಬಂದಾಗ ಒಬ್ಬೊಬ್ಬರ ಹೆಸರು ಹಿಡಿದು ಕೂಗುವಳು. ಕೂಗಿಸಿಕೊಂಡವರು ‘ಓ’ ಅನ್ನಬೇಕು. ಎಲ್ಲರೂ ಓ ಅಂದ ಮೇಲೇ ಬುತ್ತಿಯ ಗಂಟು ಬಿಚ್ಚುವುದು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಒದ್ದೆ ಕೈಯಲ್ಲಿ ತಿಂದ ಆ ರೊಟ್ಟಿಯ ರುಚಿ ಆಮೇಲೆ ಎಲ್ಲೂ ಸಿಗಲಿಲ್ಲ ಅವನಿಗೆ.

ಮರಿದೇವ ಬೇಕೆಂದೇ ತಡಮಾಡಿ ಓ ಅನ್ನುತ್ತಿದ್ದ. ತಾಯಿ ಇನ್ನೊಂದು ಸಲ ಕೂಗಲಿ ಅಂತ.

ಈಗ ಬೇಸಿಗೆ ಬಂದರೆ ಅವನು ಗುಡಿಸಲಿನ ಹಿಂದೆ, ಹೊಳೆಗೆ ಬೆನ್ನುಹಾಕಿ ಕೂರುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತನ್ನು ಮಾತ್ರ ಅವನಿಂದ ತಡೆಯಲಾಗುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಸರಿಯಾಗಿ ಎದ್ದು ಗುಡ್ಡದ ಕಡೆ ಸೌದೆಗೆ ಹೊರಟುಬಿಡುತ್ತಿದ್ದ.

ಆ ವರ್ಷ ಕಿವಿಗೆ ಹತ್ತಿ ತುರುಕಿಕೊಂಡು ನೋಡಿದ.

ಅವ್ವ ಬಂದು ಎದುರು ನಿಂತು ಏನೋ ಅಂದಳು. ತುಟಿ ಅಲ್ಲಾಡಿದ್ದು ಕಂಡಿತು. ಅವನು ಕೈಯಲ್ಲೇ ಆಮೇಲೆ ಎಂದ. ಅವಳು ಹೋದಳು.

ಸಂಜೆ ಹತ್ತಿ ತೆಗೆದು ಕೇಳಿದ, “ಬೆಳಿಗ್ಗೆ ಏನೋ ಅಂದ್ರಲ್ಲ ಅವ್ವ, ಏನದು? ಉಪದೇಶವಾ?”

“ಹಬೆ ಕಡುಬು ಮಾಡಿದ್ದೆ. ಬಿಸಿ ಬಿಸಿ ತಿನ್ನು ಬಾ ಅಂದೆ. ನೀನು ಬರ್ಲಿಲ್ಲ. ನಾನೇ ತಿಂದೆ.”

ಮಾರನೆಯ ದಿನ ಅವನು ಹತ್ತಿ ಇಟ್ಟುಕೊಳ್ಳಲಿಲ್ಲ. ಬದಲಿಗೆ ಅವ್ವನ ಹತ್ತಿರ ಹೋದ.

“ಈ ಗಲಾಟೇಲಿ ಧ್ಯಾನ ಆಗಲ್ಲ ಅವ್ವ. ಅವ್ರನ್ನೆಲ್ಲ ಕೆಳಗಡೆ ಕಟ್ಟೆ ಹತ್ರ ಹೋಗಿ ಅಂತ ಹೇಳಬಾರ್ದಾ?”

“ನೀನೇ ಹೇಳು.”

“ನಾನು ಹೋಗಂಗಿಲ್ಲ. ಆಣೆ ಐತೆ.”

“ಹೌದಲ್ಲ, ಮರ್ತಿದ್ದೆ. ನಾನೇ ಹೋಯ್ತೀನಿ ತಡಿ.”

ಅವ್ವ ಇಳಿದು ಹೋದಳು. ಗಲಾಟೆ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೂ ಜೋರಾಯಿತು. ಯಾರೋ ಕೇಕೆ ಹಾಕಿದರು.

ಬಿಸಿಲು ಇಳಿದ ಮೇಲೆ ಅವ್ವ ಬಂದಳು. ಸೀರೆಯಿಂದ ನೀರು ಸುರಿಯುತ್ತಿತ್ತು. ಕೂದಲಲ್ಲಿ ಪಾಚಿ, ಕೈಯಲ್ಲಿ ಅರ್ಧ ಕಚ್ಚಿದ ಮಾವಿನಕಾಯಿ.

“ಹೇಳಿದ್ರಾ ಅವ್ವ?”

“ಏನ?”

“ಬೇರೆ ಕಡೆ ಹೋಗಿ ಅಂತ.”

“ಅಯ್ಯೋ ಶಿವನೆ, ಅದೇ ಮರ್ತೋಯ್ತು! ಆ ಕಡೆ ಬಂಡೆವರ್ಗೂ ಈಜ್ತೀಯಾ ಅಂತ ಒಂದು ಹೆಂಗ್ಸು ಪಂದ್ಯ ಕಟ್ತು. ಒಂದು ಗೇಣಲ್ಲಿ ಸೋತೆ ಕಣ್ಲಾ. ನಾಳಿಕೆ ನೋಡು.”

ಮರಿದೇವನಿಗೆ ಸಿಟ್ಟು ಬಂತು. ಅದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಆದರೆ ಶಿಷ್ಯನಾದವನು ಹಾಗೆ ಒಪ್ಪಿಕೊಳ್ಳುವುದು ಹೇಗೆ?

ಮರುದಿನ ಅವನು ಗುಡ್ಡದಿಂದ ಸೌದೆ ಹೊತ್ತು ಬಂದಾಗ ಅವ್ವ ಹೊಂಗೆಮರದ ಕೆಳಗೆ ತಲೆ ಒಣಗಿಸಿಕೊಳ್ಳುತ್ತಿದ್ದಳು.

“ಇವತ್ತೂ ಆ ಮಗು ನೀರಿಗೆ ಇಳೀಲಿಲ್ಲ,” ಎಂದಳು, ತನ್ನಷ್ಟಕ್ಕೆ ಅನ್ನುವ ಹಾಗೆ.

“ಯಾವ ಮಗು?”

“ಒಂದು ಹೆಣ್ಮಗು. ಹೋದ ವರ್ಷವೂ ಬಂದಿತ್ತು. ಬಂಡೆ ಮೇಲೆ ಕೂತು ಕಾಲು ಮಾತ್ರ ಇಳೀಬುಟ್ಕೊಂಡಿರುತ್ತೆ. ಬೇರೆ ಮಕ್ಳು ಹಾರೋದನ್ನ ನೋಡ್ತಾ ಇರುತ್ತೆ. ಅವು ಹಾರ್ದಾಗೆಲ್ಲ ಇದು ಕೂತಲ್ಲೇ ಉಸ್ರು ಬಿಗಿ ಹಿಡ್ಕೊಳುತ್ತೆ.”

“ಭಯ ಇರ್ಬೇಕು.”

“ಭಯವಾ? ಬಿಟ್ರೆ ಮೀನಿಗೇ ಈಜು ಹೇಳ್ಕೊಡುತ್ತೆ. ಪಾಪ, ಅದಕ್ಕೆ ಬುರುಡೆ ಕಟ್ಟೋರಿಲ್ಲ.”

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಮಗು ಮೊದಲ ಸಲ ಮಡುವಿಗೆ ಇಳಿಯುವಾಗ ಅದರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಾರೆ. ಬುರುಡೆ ತೇಲುತ್ತದೆ, ಮಗುವನ್ನೂ ತೇಲಿಸುತ್ತದೆ. ಕಟ್ಟುವವನು ಸೋದರಮಾವನೇ ಆಗಬೇಕು. ತನ್ನ ಹೆಗಲ ಮೇಲಿನ ವಸ್ತ್ರ ಹರಿದು ಕಟ್ಟಿ, ಅವನೇ ನೀರಿಗೆ ಕರೆದೊಯ್ಯಬೇಕು. ಅಪ್ಪ ಕಟ್ಟುವ ಹಾಗಿಲ್ಲ. ಮಾವ ಸತ್ತುಹೋಗಿದ್ದರೆ ಊರಲ್ಲಿ ಯಾರಾದರೂ ಆ ಜಾಗದಲ್ಲಿ ನಿಲ್ಲುತ್ತಾರೆ. ಬದುಕಿದ್ದರೆ ಮಾತ್ರ ಅವನಿಗಾಗಿಯೇ ಕಾಯಬೇಕು.

“ಮಾವ ಇಲ್ವಾ ಅದಕ್ಕೆ?”

“ಅವ್ನೆ.”

“ದೂರದಲ್ಲಿದ್ದಾನಾ?”

“ಇಲ್ಲೇ, ಹತ್ರದಲ್ಲೇ ಅವ್ನೆ.”

“ಹತ್ರ ಇದ್ಕೊಂಡೂ ಬರ್ಲಿಲ್ವಾ? ಎಂಥ ಮಾವ ಅವ್ವ ಅವನು! ಒಂದು ಹೊತ್ತು ಬಂದು ಕಟ್ಟಿ ಹೋದ್ರೆ ಅವನ ಗಂಟೇನು ಹೋಯ್ತದೆ?”

“ಬಿಡುವಿಲ್ಲ ಮಗ ಅವನಿಗೆ.”

“ಅಂಥದ್ದೇನು ಕೆಲ್ಸ?”

“ಧ್ಯಾನ ಮಾಡ್ತಾ ಕೂತವ್ನೆ.”

ಮರಿದೇವ ಹೊತ್ತಿದ್ದ ಸೌದೆಯನ್ನು ಇಳಿಸಿದ. ಇಳಿಸಿ ಅದರ ಪಕ್ಕದಲ್ಲೇ ಕೂತ.

“ನಮ್ಮ ಅಕ್ಕನ ಮಗುವಾ?”

“ಇಂಪನ ಅಂತೆ ಹೆಸ್ರು.”

ಅವನು ಮನೆ ಬಿಟ್ಟಾಗ ಆ ಮಗು ತೊಟ್ಟಿಲಲ್ಲಿತ್ತು. ಅವನ ಲೆಕ್ಕದಲ್ಲಿ ಇನ್ನೂ ತೊಟ್ಟಿಲಲ್ಲೇ ಇತ್ತು. ತಾನು ಕಣ್ಣು ಮುಚ್ಚಿ ಕೂತಿದ್ದಾಗ ಅದು ಎದ್ದು, ನಡೆದು, ಬೆಳೆದು, ಬಂಡೆಯ ಮೇಲೆ ಬಂದು ಕೂತಿರಬಹುದು ಎಂದು ಅವನಿಗೆ ಒಮ್ಮೆಯೂ ತೋಚಿರಲಿಲ್ಲ.

“ಹೋದ ವರ್ಷವೇ ಯಾಕೆ ಹೇಳ್ಲಿಲ್ಲ ಅವ್ವ?”

“ಹೋದ ವರ್ಷ ನಿನ್ನ ಹತ್ರ ಬುರುಡೆ ಎಲ್ಲಿತ್ತು?”

ಆ ಸಂಜೆ ಅವನು ಊಟಕ್ಕೆ ಬರಲಿಲ್ಲ. ಅವ್ವ ಕರೆಯಲೂ ಇಲ್ಲ.

ಬೆಳಿಗ್ಗೆ ಬಂದವನ ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಬುರುಡೆ ಇತ್ತು.

“ಅವ್ವ, ಇವತ್ತೇ ದೀಕ್ಷೆ ಕೊಡಿ.”

“ಯಾಕ್ಲಾ ಅಷ್ಟು ಅವಸ್ರ?”

“ಯೋಚ್ನೆ ಮಾಡ್ದೆ. ದೀಕ್ಷೆ ಆದೋನು ಮನೆಯವರ ಪಾಲಿಗೆ ಸತ್ತಂಗೆ. ನಾನು ಸತ್ತಂಗಾದ್ರೆ ಬೇರೆ ಯಾರಾದ್ರೂ ಆ ಮಗುವಿಗೆ ಬುರುಡೆ ಕಟ್ಟಬೋದು. ಅದೂ ನೀರಿಗೆ ಇಳೀತದೆ. ನನಗೂ ಈ ಸಂಕ್ಟ ತಪ್ಪುತ್ತೆ.”

ಅವ್ವ ಒಳಗೆ ಹೋಗಿ ಚೂರಿ ತಂದು ಕೊಟ್ಟಳು.

“ಕುಯ್ಯಿ ಹಂಗಾದ್ರೆ. ನಾಳೆಯಿಂದ ಅವ್ರು ಬರಲ್ಲ. ಇವತ್ತು ಆದ್ರೆ ಆಯ್ತು.”

ಅವನು ಮರದ ಕೆಳಗೆ ಕೂತ. ಕಮಂಡಲ ಆಗಬೇಕಾದರೆ ಬುರುಡೆಯ ಕುತ್ತಿಗೆಯ ಹತ್ತಿರ ಕುಯ್ದು, ಒಳಗಿನ ತಿರುಳು ಬೀಜ ತೆಗೆಯಬೇಕು. ಇದ್ದಿಲಲ್ಲಿ ಸುತ್ತ ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದ. ಅದೂ ಸೊಟ್ಟಗಾಯಿತು. ಇಡೀ ಬೆಳಿಗ್ಗೆ ಗೆರೆ ಎಳೆಯುವುದರಲ್ಲೇ ಹೋಯಿತು.

“ಕುಯ್ದ್ಮೇಲೆ ವಾಪಸ್ ಅಂಟ್ಸಕ್ಕಾಗಲ್ಲ ನೋಡು,” ಎಂದಳು ಅವ್ವ.

“ಗೊತ್ತು.”

“ನೀರು ತುಂಬ್ಕೊಳುತ್ತೆ. ತೇಲಲ್ಲ.”

“ಗೊತ್ತು ಅವ್ವ!”

“ಸುಮ್ನೆ ಹೇಳ್ದೆ ಕಣೋ.”

ಹೊತ್ತು ನೆತ್ತಿಗೆ ಬಂದಿತ್ತು. ಸೌದೆಗೆ ಹೋಗುವ ಹೊತ್ತು. ಇವತ್ತು ಅವನು ಹೋಗಿರಲಿಲ್ಲ.

ಕೆಳಗೆ ಮಡುವಿನಲ್ಲಿ ಒಂದು ಹೆಣ್ಣು ದನಿ ಕೂಗಿತು.

“ಪ್ರಜ್ವಲಾ…”

“ಓ!”

“ಚಂದನಾ…”

“ಓ…”

ಅಕ್ಕ ರಾಜಮ್ಮಣ್ಣಿಯ ದನಿ. ಆದರೆ ಕೂಗಿದ್ದು ತಾಯಿಯ ಹಾಗೆ, ಹೆಸರಿನ ತುದಿಯನ್ನು ಹಾಗೇ ಎಳೆದು. ಮರಿದೇವ ಚೂರಿಯನ್ನು ಗೆರೆಯ ಮೇಲಿಟ್ಟ.

“ಇಂಪನಾ…”

“ಓ.” ಈ ಓ ನೀರಿನಿಂದ ಬರಲಿಲ್ಲ. ಬಂಡೆಯ ಮೇಲಿಂದ ಬಂತು.

ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಕೂಗುವುದು ಮುಗಿಯಿತು ಅಂದುಕೊಂಡ.

“ಮರಿದೇವಾ…”

ಮಡುವಿನ ಗಲಾಟೆಯೆಲ್ಲ ಒಮ್ಮೆಗೇ ನಿಂತಿತು. ಅಲ್ಲಿದ್ದವರಿಗೆಲ್ಲ ಇದು ಗೊತ್ತಿತ್ತು ಅಂತ ಕಾಣುತ್ತದೆ. ಎಲ್ಲರೂ ಕಾಯುತ್ತಿದ್ದರು.

ಮರಿದೇವ ಅವ್ವನ ಕಡೆ ತಿರುಗಿದ.

“ಯಾವಾಗಿಂದ ಕೂಗ್ತಾಳೆ?”

“ನೀನು ಬಂದಾಗಿಂದ. ಬಂದ್ ಬಂದ್ ದಿನವೂ. ಆ ಹೊತ್ತಿಗೆ ನೀನು ಸೌದೆಗೆ ಹೋಗಿರ್ತಿದ್ದೆ.”

“ಮರಿದೇವಾ…” ಎಂದು ಮತ್ತೆ ಬಂತು.

“ಓ,” ಅಂದ.

ಅಂದದ್ದು ಅವನಿಗೇ ಗೊತ್ತಾಗಲಿಲ್ಲ. ಅರ್ಧ ದನಿಯಷ್ಟೇ ಹೊರಟಿತು.

“ನಂಗೆ ಕೇಳಿಸ್ತು,” ಎಂದಳು ಅವ್ವ. “ಅವ್ಳಿಗೆ ಕೇಳಿಸ್ಲಿಲ್ಲ.”

ಮರಿದೇವ ಚೂರಿ ಬಿಟ್ಟು ಎದ್ದ. ಬುರುಡೆಯನ್ನು ಅವುಚಿಕೊಂಡು ಇಳಿಜಾರಿನಲ್ಲಿ ಓಡಿದ. ಓಡುತ್ತಲೇ ಕೂಗಿದ. ಈ ಸಲ ಆಚೆ ದಡಕ್ಕೂ ಕೇಳಿಸಿತು.

ರಾಜಮ್ಮಣ್ಣಿ ಬುತ್ತಿಯ ಗಂಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಓಡಿ ಬರಲಿಲ್ಲ. ಅಳಲಿಲ್ಲ.

“ಬಂದ್ರಾ ಬುದ್ಧಿ,” ಎಂದಳು. “ದಾರಿ ಸಿಕ್ತಾ ಸ್ವಾಮಿಗಳಿಗೆ? ಬಾಳ ದೂರ ಅಲ್ವಾ. ಇಲ್ಲಿಂದ ಕಲ್ಲು ಎಸೆದ್ರೆ ನಿನ್ನ ಗುಡಿಸ್ಲಿಗೆ ಬೀಳುತ್ತೆ. ಎಸೀಬೇಕು ಅಂತ್ಲೂ ಅನ್ಸಿತ್ತು.”

“ಅಕ್ಕ…”

“ಮಾತಾಡ್ಬೇಡ ನೀನು. ಹಡೆದವ್ವನ ವರ್ಷದ ಕಾರ್ಯಕ್ಕೆ ಬರ್ಲಿಲ್ಲ. ನನಗೂ ಅವಳು ಹಡೆದವ್ವನೇ ಅಲ್ವಾ? ಅಳೋಕೆ ನನ್ನೊಬ್ಳನ್ನೇ ಬಿಟ್ಟು ಬಂದ್ಯಲ್ಲೋ.”

ಮರಿದೇವ ತಲೆ ತಗ್ಗಿಸಿದ. ದುಃಖವೆಲ್ಲ ತನ್ನೊಬ್ಬನದೇ ಅಂದುಕೊಂಡು ಇಷ್ಟು ವರ್ಷ ಕಾವಲು ಕೂತಿದ್ದ. ಅದರಲ್ಲಿ ಅಕ್ಕನಿಗೂ ಪಾಲಿತ್ತು ಅನ್ನುವುದು ಅವನಿಗೆ ಈಗ ಅರಿವಾಯಿತು.

ಭಾವ ಶಾಂತಮಲ್ಲಪ್ಪ ಹೆಚ್ಚು ಮಾತಾಡದ ಮನುಷ್ಯ. ಏನು ಮಾಡಬೇಕೋ ತಿಳಿಯದೆ ಹೆಗಲ ಮೇಲಿನ ಟವೆಲಿನಿಂದ ಬಂಡೆ ಒರೆಸಿ, “ಕೂತ್ಕೊ ಮರಿದೇವ,” ಎಂದ.

ಅವನು ಕೂರಲಿಲ್ಲ. ಬಂಡೆಯ ತುದಿಯಲ್ಲಿ ಕೂತಿದ್ದ ಹುಡುಗಿ ತಿರುಗಿ ನೋಡುತ್ತಿದ್ದಳು. ಮೂಗು ಅವನ ತಾಯಿಯದೇ, ತಂದು ಅಂಟಿಸಿದ ಹಾಗೆ.

“ನೀನೇನಾ ನಮ್ ಮಾವ?”

“ಹೂಂ.”

“ಯಾಕೆ ಇಷ್ಟು ಲೇಟು?”

“ತಪ್ಪಾಯ್ತು ಕಣವ್ವ,” ಎಂದ.

ಹುಡುಗಿ ಅವನ ಕೈಯನ್ನು ನೋಡಿದಳು. “ಅದು ನಂದಾ?”

ಮರಿದೇವ ಬುರುಡೆಯನ್ನು ನೋಡಿದ. ಮೇಕೆ ತಿಂದ ಬಳ್ಳಿ, ಕೊಳೆತ ಕಾಯಿ, ಅವ್ವನ ಸಾರು, ಎಲ್ಲವನ್ನೂ ದಾಟಿ ಉಳಿದ ಒಂದೇ ಒಂದು. ಅವನು ಇಷ್ಟು ವರ್ಷ ಕಾದ ದೀಕ್ಷೆ ಕೈಯಲ್ಲೇ ಇತ್ತು. ಇದನ್ನು ಕೊಟ್ಟರೆ ಮತ್ತೆ ಬೀಜದಿಂದ ಶುರು.

“ನಿಂದೇ,” ಎಂದ.

ಹೆಗಲ ವಸ್ತ್ರ ಹರಿದ. ಎಷ್ಟು ಕಟ್ಟಿದರೂ ಗಂಟು ಬೀಳುತ್ತಿರಲಿಲ್ಲ.

“ಹಂಗಲ್ಲ ಕಣೋ, ಕಂಕುಳ ಕೆಳಗಿಂದ ತಗೊ,” ಎಂದಳು ರಾಜಮ್ಮಣ್ಣಿ. “ಧ್ಯಾನ ಮಾಡಿ ಗಂಟು ಹಾಕೋದೂ ಮರ್ತ್ಯಾ?” ಬೈಯುತ್ತಲೇ ಪಕ್ಕಕ್ಕೆ ಬಂದು ನಿಂತಳು. ಗಂಟಿಗೆ ಮಾತ್ರ ಕೈ ಹಾಕಲಿಲ್ಲ. ಅದು ಮಾವನ ಕೆಲಸ.

ಅವನು ಮಗುವನ್ನು ಎತ್ತಿಕೊಂಡು ನೀರಿಗಿಳಿದ. ಆಣೆ ಮಾಡಿದ ಮೇಲೆ ಇಷ್ಟು ವರ್ಷ ದಡದಲ್ಲಿದ್ದೂ ಮಡುವಿಗೆ ಇಳಿದಿರಲಿಲ್ಲ. ಚೊಂಬಿನಲ್ಲಿ ಮೊಗೆದು ಸ್ನಾನ ಮಾಡುತ್ತಿದ್ದ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಮೇಲೆ ಬೆಚ್ಚಗೆ, ಕೆಳಗೆ ಕಾಲಿನ ಹತ್ತಿರ ತಣ್ಣಗೆ. ಹಿಂದೆಯೂ ಹೀಗೇ ಇತ್ತು.

ಮಗುವಿನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ನಿಂತ.

“ಬಿಡು ಮಾವ.”

“ಬಿಡ್ಲಾ?”

“ಬಿಡು ಅಂದ್ನಲ್ಲ!”

ಬಿಟ್ಟ. ಹುಡುಗಿ ಒಮ್ಮೆ ಮುಳುಗಿದಳು, ಬುರುಡೆ ಅವಳನ್ನು ಮೇಲಕ್ಕೆತ್ತಿತು. ನೀರು ಉಗುಳಿದಳು. ಕಾಲು ಬಡಿದಳು. ಆಮೇಲೆ ಅವಳು ಹಾಕಿದ ಕೇಕೆಗೆ ಬಂಡೆಯ ಮೇಲಿದ್ದ ಕೊಕ್ಕರೆಗಳು ಎದ್ದುಹೋದವು. ದಡದಲ್ಲಿ ಗೊತ್ತಿದ್ದವರು ಗೊತ್ತಿಲ್ಲದವರು ಎಲ್ಲ ಚಪ್ಪಾಳೆ ತಟ್ಟಿದರು.

ಮರಿದೇವ ನೀರೊಳಗೆ ತಲೆ ಮುಳುಗಿಸಿದ. ಅಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲ. ತಾಯಿ ಸತ್ತ ದಿನವೂ ಅವನು ಹೀಗೆ ಅತ್ತಿರಲಿಲ್ಲ.

ಮೇಲೆ ಬಂದಾಗ ರಾಜಮ್ಮಣ್ಣಿ ಅವನ ಒದ್ದೆ ಕೈಗೆ ರೊಟ್ಟಿ ಹಾಕಿದಳು. “ತಿನ್ನು,” ಎಂದಳು. “ಬೈಯೋದು ಇನ್ನೂ ಬಾಕಿ ಐತೆ. ತಿಂದ್ಮೇಲೆ ಬೈತೀನಿ.”

ಸಂಜೆಗೆ ಗಾಡಿ ಕಟ್ಟಿದರು. ಮನೆಗೆ ಬಾ ಎಂದು ಅವಳು ಕರೆಯಲಿಲ್ಲ. ಬರುತ್ತೇನೆ ಎಂದು ಅವನೂ ಅನ್ನಲಿಲ್ಲ. ಗಾಡಿ ಹತ್ತಿ ಕೂತ ಮೇಲೆ ಅವಳು ತಲೆ ಹೊರಗೆ ಹಾಕಿದಳು.

“ಬರೋ ಬೇಸ್ಗೆಗೂ ಕೂಗ್ತೀನಿ. ಒಂದೇ ಸಲಕ್ಕೆ ಓ ಅನ್ನು.”

ಹುಡುಗಿ ಬುರುಡೆಯನ್ನು ಬೆನ್ನಿನಿಂದ ಬಿಚ್ಚಲು ಬಿಟ್ಟಿರಲಿಲ್ಲ. ಅದನ್ನು ಕಟ್ಟಿಕೊಂಡೇ ನಿದ್ದೆ ಹೋಗಿದ್ದಳು. ಮರಿದೇವ ದೂಳು ಇಳಿಯುವವರೆಗೂ ರಸ್ತೆಯಲ್ಲಿ ನಿಂತಿದ್ದ.

ಬೆಳಿಗ್ಗೆ ಅವ್ವ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಮರಿದೇವ ಬಂದು ಅವಳ ಎದುರು ನೆಲದಲ್ಲಿ ಕೂತ.

“ಬುರುಡೆ ಕೊಟ್ಬುಟ್ಟೆ ಅವ್ವ.”

“ಕಂಡೆ.”

“ದೀಕ್ಷೆ?”

“ಬೀಜ ಐತೆ ಒಳಗೆ. ಬೇಕಾದ್ರೆ ಹಾಕು, ಬ್ಯಾಡ್ದಿದ್ರೆ ಬಿಡು.”

ಅವನು ತಡೆಯಲಾಗದೆ ಹೇಳಿದ.

“ಒಂದ್ಸಲ ಮುಖ ನೋಡ್ಬುಟ್ರೆ ಎದೆ ತಣ್ಣಗಾಗುತ್ತೆ ಅಂದ್ಕೊಂಡಿದ್ದೆ. ಆಗ್ಲಿಲ್ಲ ಅವ್ವ. ನಿನ್ನೆವರ್ಗೂ ಸತ್ತ ತಾಯಿ ಒಬ್ಳೇ ಬೇಕಾಗಿತ್ತು. ಈಗ ಅಕ್ಕನೂ ಬೇಕು, ಆ ಮಗುವೂ ಬೇಕು. ಭಾವ ಟವೆಲಲ್ಲಿ ಬಂಡೆ ಒರೆಸಿದ್ನಲ್ಲ, ಅದೂ ಬೇಕು. ಇನ್ನೂ ಜಾಸ್ತಿ ಆಯ್ತು.”

“ಆಗ್ದೆ ಇನ್ನೇನು.”

“ಇದು ಹೋಗೋ ದಾರಿ ಕೇಳ್ಕೊಂಡು ಬಂದೋನು ನಾನು.”

“ಹೂಂ. ಹಸ್ಕೊಂಡು ಬಂದಿದ್ದೆ.”

ಮರಿದೇವ ಅವಳ ಮುಖ ನೋಡಿದ. ಇಷ್ಟು ವರ್ಷ ತನ್ನ ನೋವಿನ ಮಾತೇ ಆಡಿದ್ದ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ನಾಚಿಕೆಯಾಯಿತು.

“ಅವ್ವ, ನಿಮಗೂ ಮನೆ ಇತ್ತಾ?”

“ಇಲ್ದೆ ಏನು? ಇತ್ತು. ಇಬ್ರು ಗಂಡುಮಕ್ಳು. ಗಂಡ ಹೋದ್ಮೇಲೆ ಮೈದುನ ನನ್ನನ್ನ ಆಚೆಗೆ ಹಾಕ್ದ. ಮಕ್ಳನ್ನ ಇಟ್ಕೊಂಡ.” ಇವತ್ತು ಬಿಸಿಲು ಜೋರು ಅನ್ನುವಷ್ಟು ಸಲೀಸಾಗಿ ಹೇಳಿದಳು. “ಇಬ್ರೂ ಈ ಮಡುವಲ್ಲೇ ಈಜು ಕಲ್ತಿದ್ದು. ಬೇಸ್ಗೆ ಬಂದ್ರೆ ಮನೇಲಿ ನಿಲ್ತಾನೇ ಇರ್ಲಿಲ್ಲ.”

“ಆಮೇಲೆ ಬಂದ್ರಾ ಅವ್ರು?”

“ಇನ್ನೂ ಬಂದಿಲ್ಲ.”

ಅವ್ವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಆ ಮಕ್ಕಳಿಗೆ ಈಗ ಮೊಮ್ಮಕ್ಕಳಿರಬೇಕು.

ಮರಿದೇವ ಅವಳ ಪಾದ ಹಿಡಿದುಕೊಂಡ. “ಹೇಳಿ ಅವ್ವ. ಅವ್ರ ಮೇಲಿನ ಆಸೆ ನಿಮ್ಗೆ ಯಾವತ್ತು ಹೋಯ್ತು?”

ಅವ್ವ ಹಣೆಗೆ ಕೈ ಅಡ್ಡ ಹಿಡಿದು ಅವನ ತಲೆಯಾಚೆ ರಸ್ತೆ ನೋಡುತ್ತಿದ್ದಳು.

“ಒಸಿ ಆ ಕಡೆ ಸರ್ಕೊ ಮಗ. ಯಾವ್ದೋ ಗಾಡಿ ಬತ್ತಾ ಐತೆ, ಯಾರ್ದು ಅಂತ ನೋಡವ.”